ಬಾವನ ಪ್ಯಾಂಟಿನ ಬಣ್ಣ

ನನ್ನ ಗಂಡ ಬ್ರಷ್ ನೆಕ್ಕುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಇನ್ನೂ ನನಗದು ಒಗ್ಗಿಲ್ಲ. ಬಣ್ಣದಲ್ಲಿ ಅದ್ದಿದ ಬ್ರಷ್ಷಿನ ತುದಿಯನ್ನು ತುಟಿಗಳ ನಡುವೆ ಇಟ್ಟು ಎಳೆದು, ಮೊನೆ ಮಾಡಿಕೊಂಡು, ಕಿರುಬೆರಳಿನಷ್ಟು ಎತ್ತರದ ಸೀಸದ ಸಿಪಾಯಿಯ ಕಣ್ಣಿಗೆ ಒಂದು ಚುಕ್ಕೆ ಇಡುತ್ತಾರೆ. ಆಮೇಲೆ ಅದೇ ಬಾಯಿಂದ, “ಕಾಫಿ ಆಯ್ತೇನೇ?” ಎಂದು ಕೇಳುತ್ತಾರೆ. ಅವರ ನಾಲಿಗೆ ನೋಡಿಯೇ ಇವತ್ತು ಕೋಟು ನಡೆದಿದೆಯೋ ಬೂಟು ನಡೆದಿದೆಯೋ ಹೇಳಬಲ್ಲೆ.

ಅವರ ಕಸುಬು ಹಲ್ಲು ಕಟ್ಟುವುದು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಸರಿಯಾಗಿ ಸೆಟ್ಟು ಮಾಡಿಕೊಡುತ್ತಾರೆ. ಕೈ ಮಾತ್ರ ಬಂಗಾರ, ಸುಳ್ಳು ಹೇಳಬಾರದು. ಊರಿನ ಅರ್ಧ ಮುದುಕರು ನಗುವುದು ಇವರ ಹಲ್ಲಿನಿಂದಲೇ. ಆದರೆ ಮಧ್ಯಾಹ್ನ ಮೂರಾಯಿತೆಂದರೆ ಹಲ್ಲುಗಳೆಲ್ಲ ಮೂಲೆಗೆ ಸರಿದು, ಅದೇ ಮೇಜಿನ ಮೇಲೆ, ಅದೇ ಭೂತಗನ್ನಡಿಯ ಕೆಳಗೆ ಸಿಪಾಯಿಗಳು ಬಂದು ನಿಲ್ಲುತ್ತಾರೆ.

ಈ ವರ್ಷ ಅದು ಅತಿಯಾಯಿತು. ಮಾಡೆಲ್ ಸಂಘದ ಪ್ರದರ್ಶನಕ್ಕೆಂದು ಇಡೀ ಒಂದು ಯುದ್ಧವನ್ನೇ ಮಾಡಲು ಹೊರಟರು. ಮಂಚದಷ್ಟು ದೊಡ್ಡ ಹಲಗೆ, ಅದರ ಮೇಲೆ ಥರ್ಮೊಕೋಲಿನ ಗುಡ್ಡ, ಗುಡ್ಡದ ಮೈತುಂಬ ಇನ್ನೂರು ಸಿಪಾಯಿಗಳು, ಸಾಮಾನು ಹೊರುವ ಹೇಸರಗತ್ತೆ ಬೇರೆ. ಗುಡ್ಡದ ಮಣ್ಣಿಗೆ ಮನೆಯ ಚಹಾದ ಗಸಿ ಒಣಗಿತು. ಮರಳು ಜರಡಿ ಹಿಡಿಯುವುದಕ್ಕೆ ನನ್ನ ಚಹಾ ಸೋಸುವ ಜಾಲರಿ ಹೋಯಿತು. ಕೆಸರು ಸಿಡಿಸುವುದಕ್ಕೆ ಮಗಳ ಹಲ್ಲುಜ್ಜುವ ಬ್ರಷ್ ಹೋಗಿತ್ತು ಅನ್ನುವುದು, ಒಂದು ಬೆಳಿಗ್ಗೆ ಅವಳು ಕಂದು ನೊರೆ ಉಗುಳಿ ಕಿರುಚಿಕೊಂಡಾಗಲೇ ಗೊತ್ತಾದದ್ದು.

“ಅಪ್ಪಾ, ಇದನ್ನ ಬಾಯಿಗೆ ಹಾಕ್ತೀನಿ ನಾನು!”

“ತೊಳೆದೇ ಇಟ್ಟಿದ್ನಲ್ಲೇ.”

“ನೀನು ಸೀಸ ನೆಕ್ಕಿ ಸಾಯಿ. ನನ್ನ ಯಾಕೆ ಸಾಯಿಸ್ತೀಯಾ?”

ಮಗಳು ನರ್ಸಿಂಗ್ ಓದುತ್ತಾಳೆ, ಹತ್ತೊಂಬತ್ತು ವರ್ಷ. ನಾಲಿಗೆಗೆ ಮೂಳೆ ಇಲ್ಲ.

ಆ ಗುಡ್ಡ ಯಾವುದೋ ಗುಡ್ಡವಲ್ಲ. ನಲವತ್ತೊಂದು ವರ್ಷದ ಹಿಂದೆ ನಮ್ಮ ಬಾವ, ಅಂದರೆ ಇವರ ಅಣ್ಣ, ಅಲ್ಲಿಗೆ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಆಗ ಬಾವನಿಗೆ ಇಪ್ಪತ್ತೊಂದು, ಇವರಿಗೆ ಏಳು. ಮಾವನವರು ಊರಿಗೆಲ್ಲ ಒಂದು ಕಥೆ ಹೇಳಿದರು: ಮಗ ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದ, ಬಾವುಟ ನೆಟ್ಟ, ಎದೆಗೆ ಗುಂಡು ತಗಲಿ ಬಿದ್ದ. ಮನೆಗೆ ಯಾರೇ ಬಂದರೂ ಏಳು ವರ್ಷದ ಇವರನ್ನು ಸ್ಟೂಲಿನ ಮೇಲೆ ಹತ್ತಿಸಿ ಅದನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಲು ಹೇಳುತ್ತಿದ್ದರಂತೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಒಂದು ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಿಜ ಹೇಳಿದರು. ಗುಂಡೂ ಇಲ್ಲ, ಬಾವುಟವೂ ಇಲ್ಲ. ಗುಡ್ಡದ ಬುಡದ ಡೇರೆಯಲ್ಲಿ ಕೆಟ್ಟ ನೀರು ಕುಡಿದು ಭೇದಿ ಹತ್ತಿ, ಹನ್ನೊಂದು ದಿನ ನರಳಿ ಹೋದರು. ಜೊತೆಗಿದ್ದ ಸಿಪಾಯಿಯೊಬ್ಬ ಮನೆಗೆ ಬಂದು ಹೇಳಿದ್ದನಂತೆ.

ನಮ್ಮವರು ಎಲ್ಲ ಕೇಳಿಸಿಕೊಂಡು, “ಆಯ್ತಮ್ಮ, ಇದನ್ನೆಲ್ಲ ಯಾರ ಹತ್ರಾನೂ ಹೇಳೋಕೆ ಹೋಗ್ಬೇಡ,” ಎಂದು ಎದ್ದು ಹೋದರು. ಅದಾಗಿ ಆರು ವರ್ಷ. ಈಗ ಥರ್ಮೊಕೋಲಿನ ಗುಡ್ಡದ ನೆತ್ತಿಯ ಮೇಲೆ ಬಾವುಟ ಹಿಡಿದು, ಎದೆ ಸೆಟೆದು ನಿಂತಿದ್ದಾನಲ್ಲ, ಅವನೇ ನಮ್ಮ ಬಾವ.

ಇಷ್ಟೆಲ್ಲ ಆದರೂ ಕೆಲಸ ಒಂದು ಕಡೆ ಸಿಕ್ಕಿಕೊಂಡಿತ್ತು. ಪ್ಯಾಂಟಿನ ಬಣ್ಣ ತೀರ್ಮಾನವಾಗಿರಲಿಲ್ಲ. ಆ ವರ್ಷ ಆ ಪಡೆಗೆ ಕೊಟ್ಟ ಖಾಕಿ ಹಸಿರಿನ ಕಡೆಗಿತ್ತೋ ಹಳದಿಯ ಕಡೆಗಿತ್ತೋ ಎಂದು ಸಂಘದವರಲ್ಲಿ ದೊಡ್ಡ ಜಗಳ. ನಾನು ಬಟ್ಟೆ ಅಂಗಡಿಯಲ್ಲಿ ಅಳತೆ ಹಾಕಿ ಕತ್ತರಿಸುವ ಕೆಲಸ ಮಾಡುತ್ತೇನೆ. ಅಂಗಡಿಯ ಖಾಕಿ ತುಂಡುಗಳನ್ನೆಲ್ಲ ನನ್ನ ಕೈಯಲ್ಲಿ ತರಿಸಿಕೊಂಡರು. ಯಾವುದೂ ಒಪ್ಪಿಗೆಯಾಗಲಿಲ್ಲ. ಇನ್ನೂರು ಜನ ಕೋಟು, ಟೋಪಿ, ಬೂಟು ಹಾಕಿಕೊಂಡು, ಪ್ಯಾಂಟಿಲ್ಲದೆ ಯುದ್ಧಕ್ಕೆ ನಿಂತಿದ್ದರು.

ಅಷ್ಟರಲ್ಲಿ ಅತ್ತೆಯ ಹಲ್ಲು ಒಡೆಯಿತು. ಬೆಳಿಗ್ಗೆ ತೊಳೆಯುವಾಗ ಕೆಳಗಿನ ಸೆಟ್ಟು ಕೈ ಜಾರಿ ಸಿಂಕಿಗೆ ಬಿದ್ದು ಎರಡು ತುಂಡಾಯಿತು. ಮೇಲಿನದೊಂದನ್ನೇ ಹಾಕಿಕೊಂಡರೆ ಮಾತಾಡುವಾಗ ಕಳಚಿ ನಾಲಿಗೆಯ ಮೇಲೆ ಕೂರುತ್ತದೆ. ಎರಡನ್ನೂ ಡಬ್ಬಿಗೆ ಹಾಕಿಟ್ಟು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು.

“ಒಡೀತು ಕಣೋ.”

“ಬಾಮ್ಮ, ಅಚ್ಚು ತಗೊಂಡ್ಬಿಡೋಣ. ಒಂದು ವಾರದಲ್ಲಿ ಹೊಸ ಸೆಟ್ಟೇ ಮಾಡಿಕೊಡ್ತೀನಿ, ಬಿಡು.”

ಅಚ್ಚು ತೆಗೆದರು. ಅಲ್ಲಿಗೆ ಅದು ನಿಂತಿತು. ಒಂದು ವಾರ ಎರಡಾಯಿತು, ಎರಡು ನಾಲ್ಕಾಯಿತು. ಅತ್ತೆ ಬ್ರೆಡ್ಡನ್ನು ಹಾಲಲ್ಲಿ ಅದ್ದಿ ತಿಂದರು, ಅನ್ನವನ್ನು ಹಿಸುಕಿ ನುಂಗಿದರು. ಹುರಿದ ಕಡಲೆಕಾಯಿ ಅಂದರೆ ಅವರಿಗೆ ಪ್ರಾಣ. ಒಂದೊಂದೇ ಬೀಜ ಬಾಯಲ್ಲಿಟ್ಟುಕೊಂಡು ಚೀಪಿ ಚೀಪಿ, ಮೆತ್ತಗಾದ ಮೇಲೆ ನುಂಗುತ್ತಿದ್ದರು. ಮಾತು ಕೂಡ ಬರೀ ಗಾಳಿಯಾಯಿತು. ದಿನವಿಡೀ ಜೊತೆಗಿರುವ ನನಗೂ ಮಗಳಿಗೂ ಅರ್ಥವಾಗುತ್ತಿತ್ತು, ಹೊರಗಿನವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಒಂದು ದಿನ ಕಸ ಗುಡಿಸಲು ಹಿಂದಿನ ಕೋಣೆಗೆ ಹೋದೆ. ಅತ್ತೆಯ ದವಡೆಯ ಅಚ್ಚು ಕಿಟಕಿಯ ಹತ್ತಿರ ಇತ್ತು. ಅದರ ಹಲ್ಲಿಲ್ಲದ ಒಸಡಿನ ಮೇಲೆ ಆರು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಬಣ್ಣ ಒಣಗಿಸಲು ಇಟ್ಟಿದ್ದರು.

“ರೀ, ಇದು ನಿಮ್ಮಮ್ಮನ ಬಾಯಿ.”

“ಗೊತ್ತು. ಸಮತಟ್ಟಾಗಿದೆ, ಬೀಳಲ್ಲ.”

ಗುಡಿಸದೆ ಹೊರಗೆ ಬಂದೆ.

ಆಮೇಲೆ ಇವರೇ ಪ್ರವಾಸದ ಮಾತು ತೆಗೆದರು. “ಎಲ್ಲರೂ ಹೋಗೋಣ, ಮೂರು ದಿನ. ದಾರೀಲಿ ಎರಡು ಸ್ಮಾರಕ ಇವೆ, ಕೊನೆಗೆ ಆ ಗುಡ್ಡ. ಅಮ್ಮನೂ ಅಣ್ಣನ ಹೆಸರು ನೋಡಿದ ಹಾಗಾಗುತ್ತೆ.” ಅವರಿಗೆ ಬೇಕಾದದ್ದು ಪ್ಯಾಂಟಿನ ಬಣ್ಣ ಅನ್ನುವುದು ಎಂಥವರಿಗೂ ಗೊತ್ತಾಗುತ್ತಿತ್ತು. ಆದರೆ ಅತ್ತೆಯ ಮುಖ ಅರಳಿತು. ಆ ಗುಡ್ಡದ ಬುಡದಲ್ಲಿ ಸತ್ತವರ ಹೆಸರು ಕೊರೆದ ಗೋಡೆ ಇದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಸತ್ತವರ ಮನೆಯವರಿಗೆ ಮೈಕು ಕೊಡುತ್ತಾರೆ. ಹೆಸರು ಹೇಳಿ, ಬೇಕಿದ್ದರೆ ಎರಡು ಮಾತಾಡಬಹುದು.

ಊಟಕ್ಕೆ ಕೂತಾಗ ಅತ್ತೆ ಅನ್ನ ಹಿಸುಕುತ್ತಾ ಹೇಳಿದರು. “ನಾನೇ ಮಾತಾಡ್ತೀನಿ. ನಲವತ್ತೊಂದು ವರ್ಷ ನಿಮ್ಮಪ್ಪ ಮಾತಾಡಿದ್ದಾಯ್ತು, ನೀನು ಮಾತಾಡಿದ್ದಾಯ್ತು. ದೊಡ್ಡೋನು ಹೇಗೆ ಸತ್ತ ಅಂತ ಸಾಯೋದ್ರೊಳಗೆ ಒಂದ್ಸಲ ನನ್ನ ಬಾಯಲ್ಲಿ ನಾನೇ ಹೇಳ್ಬೇಕು. ಅಷ್ಟರಲ್ಲಿ ಹಲ್ಲು ಮಾಡಿಕೊಡು.”

“ಏನಂತೆ?” ಎಂದು ಇವರು ನನ್ನ ಮುಖ ನೋಡಿದರು.

ಒಂದೇ ಸೂರಿನಡಿ ಇರುವ ಮಗನಿಗೆ ತಾಯಿಯ ಮಾತು ನಾನು ಬಿಡಿಸಿ ಹೇಳಬೇಕು. ಹೇಳಿದೆ.

“ಓ, ಹಲ್ಲಾ? ಹೋಗೋದ್ರೊಳಗೆ ಆಗುತ್ತೆ ಬಿಡಮ್ಮ.” ಹೇಗೆ ಸತ್ತ ಅನ್ನುವ ಭಾಗವನ್ನು ಕೇಳಿಸದವರ ಹಾಗೆ ನುಂಗಿಕೊಂಡರು.

ಹೋಗುವ ದಿನ ಬಂತು, ಹಲ್ಲು ಬರಲಿಲ್ಲ. ಕಾರಿಗೆ ಸಾಮಾನು ತುಂಬುವಾಗ ಕ್ಯಾಮೆರಾ ಬಂತು, ನನ್ನ ಅಂಗಡಿಯ ಖಾಕಿ ತುಂಡುಗಳ ಕಟ್ಟು ಬಂತು, ಭೂತಗನ್ನಡಿ ಕೂಡ ಬಂತು.

“ಅಪ್ಪಾ, ಅಜ್ಜಿ ಹಲ್ಲು?” ಎಂದಳು ಮಗಳು.

“ಒಸಡು ಮಾಡೋ ಪುಡಿ ಮುಗಿದುಹೋಗಿದೆ ಕಣೇ. ತರಿಸ್ಬೇಕು. ಬಂದ ತಕ್ಷಣ ಅದೇ ಕೆಲಸ.”

ಅತ್ತೆ ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು.

ಮೊದಲನೆಯ ಸ್ಮಾರಕ ಒಂದು ದೊಡ್ಡ ಊರಿನ ನಾಲ್ಕು ರಸ್ತೆ ಕೂಡುವ ಕಡೆ ಇತ್ತು. ಬಂದೂಕು ಹಿಡಿದ ಕಂಚಿನ ಸಿಪಾಯಿ, ಕೆಳಗೆ ಒಣಗಿದ ಹೂವಿನ ಚಕ್ರಗಳು, ಅದರ ಪಕ್ಕದಲ್ಲಿ ಜ್ಯೂಸಿನ ಖಾಲಿ ಲೋಟಗಳು. ಯಾರೋ ಪುಣ್ಯಾತ್ಮರು ಸಿಪಾಯಿಗೆ ಮೇಲಿಂದ ಕೆಳಗಿನವರೆಗೆ ಗೇಟಿಗೆ ಹೊಡೆಯುವ ಹಸಿರು ಪೇಂಟ್ ಹೊಡೆಸಿದ್ದರು. ಇವರು ಕಟ್ಟೆ ಹತ್ತಿ, ಖಾಕಿ ತುಂಡುಗಳನ್ನು ಒಂದೊಂದಾಗಿ ಅದರ ತೊಡೆಗೆ ಹಿಡಿದು ನೋಡಿದರು. ರಸ್ತೆಯಲ್ಲಿ ಹೋಗುವವರು ನಿಂತು ನಕ್ಕರು.

“ಇವರು ಟೈಲರಾ?” ಎಂದು ಆಟೋದವನೊಬ್ಬ ನನ್ನನ್ನು ಕೇಳಿದ.

“ಹಲ್ಲು ಕಟ್ಟೋರು,” ಎಂದೆ. ಅವನು ಗಾಬರಿಯಾಗಿ ಗಾಡಿ ಬಿಟ್ಟ.

ಎರಡನೆಯದು ಒಂದು ಕಟ್ಟಡ. ಗಾಜಿನ ಬೀರುವಿನೊಳಗೆ ಬೊಂಬೆಗೆ ನಿಜವಾದ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದರು. ಪ್ಯಾಂಟು ಸಾಸಿವೆ ಹಳದಿ. ಇವರು ಕಾವಲಿನವನ ಮೇಲೆ ಎಗರಿಬಿದ್ದರು.

“ಇದು ಬಿಸಿಲಿಗೆ ಬಣ್ಣ ಹೋಗಿರೋದು. ಮೂಲ ಬಣ್ಣ ಹೀಗಿರೋಕೆ ಸಾಧ್ಯಾನೇ ಇಲ್ಲ. ಮಡಚಿದ ಒಳಭಾಗ ತೋರಿಸಿ.”

“ಸ್ವಾಮಿ, ಬೊಂಬೆ ಪ್ಯಾಂಟು ಬಿಚ್ಚೋಕೆ ನನಗೆ ಅಧಿಕಾರ ಇಲ್ಲ.”

ಈ ವಾದ ಊಟದ ಹೊತ್ತಿನವರೆಗೆ ನಡೆಯಿತು. ನಾವು ಮೂವರು ಹೊರಗೆ ಬೆಂಚಿನ ಮೇಲೆ ಕೂತೆವು. ಮಗಳು ಫ್ಲಾಸ್ಕಿನ ಹಾಲನ್ನು ಬಟ್ಟಲಿಗೆ ಬಗ್ಗಿಸಿ ಬ್ರೆಡ್ ನೆನೆಸಿದಳು. ಅತ್ತೆ ಬಾಗಿ ಬಟ್ಟಲಿಗೆ ಬಾಯಿ ಹಚ್ಚಿದರು. ಗದ್ದದಿಂದ ಹಾಲು ಸೋರಿ ಸೀರೆಗೆ ಇಳಿಯಿತು. ಅಲ್ಲಿದ್ದ ಹುಡುಗಿಯರು ಮುಖ ಹಿಂಡಿ ದೂರ ಸರಿದರು. ನನಗೆ ಅಸಹ್ಯವಾಯಿತು. ಅತ್ತೆಯನ್ನು ಕಂಡಲ್ಲ. ಹತ್ತು ಬೆರಳಲ್ಲೂ ಹಲ್ಲು ಕಟ್ಟುವ ವಿದ್ಯೆ ಇಟ್ಟುಕೊಂಡು ಒಳಗೆ ಬೊಂಬೆಯ ಪ್ಯಾಂಟಿಗೆ ಜಗಳವಾಡುತ್ತಿದ್ದವರನ್ನು ಕಂಡು.

ಭಾನುವಾರ ಹತ್ತೂವರೆಗೆ ಗುಡ್ಡದ ಬುಡ ಮುಟ್ಟಿದೆವು. ಉದ್ದನೆಯ ಕರಿಕಲ್ಲಿನ ಗೋಡೆ. ಬಾವನ ಹೆಸರು ಕೆಳಗಿನಿಂದ ಮೂರನೆಯ ಸಾಲಿನಲ್ಲಿತ್ತು. ಅತ್ತೆ ನೆಲಕ್ಕೆ ಕೂತು ಬೆರಳಿನಿಂದ ಒಂದೊಂದೇ ಅಕ್ಷರ ಸವರಿದರು, ಮೂಗೊರೆಸಿಕೊಂಡರು, ಎದ್ದರು. ಇವರು ಗುಡ್ಡದ ಫೋಟೋ ತೆಗೆಯುತ್ತಿದ್ದರು. “ಕಲ್ಲಿನ ಬಣ್ಣ ತಪ್ಪಾಗಿದೆ ಕಣೇ, ಇನ್ನೂ ಸ್ವಲ್ಪ ಕೆಂಪು ಬೇಕು,” ಎಂದರು ನನಗೆ.

ಹನ್ನೊಂದಕ್ಕೆ ಅಧಿಕಾರಿಯೊಬ್ಬರು ಮೈಕು ಹಿಡಿದು ಬಂದರು. ಪ್ರವಾಸಕ್ಕೆ ಬಂದ ನೂರಿನ್ನೂರು ಜನ ಐಸ್‌ಕ್ರೀಮ್ ನೆಕ್ಕುತ್ತಾ ಸುತ್ತ ನಿಂತರು. ಅತ್ತೆಯ ಸರದಿ ಬಂದಾಗ ನಮ್ಮವರು ಮೈಕಿಗೆ ಕೈಚಾಚಿದರು. ಅತ್ತೆ ಅವರ ಕೈ ತಳ್ಳಿ ತಾವೇ ಹಿಡಿದುಕೊಂಡರು.

ಬಾವನ ಹೆಸರು ಹೇಳಿದರು. ಆಮೇಲೆ ಹೀಗೆಂದರು: “ನಾನು ಇವನ ತಾಯಿ. ಇವನು ಗುಡ್ಡ ಹತ್ತಲಿಲ್ಲ. ಇಲ್ಲೇ ಕೆಳಗೆ, ಡೇರೇಲಿ, ಭೇದಿಯಾಗಿ ಸತ್ತ. ಹನ್ನೊಂದು ದಿನ. ನೀರು ಕಾಯಿಸಿ ಕೊಡೋರು ಒಬ್ಬರೂ ಇರಲಿಲ್ಲ.”

ನಾನು ಕೇಳಿದ್ದು ಇದು. ಮಗಳು ಕೇಳಿದ್ದೂ ಇದೇ. ಆದರೆ ಮೈಕಿನಿಂದ ಹೊರಗೆ ಬಂದದ್ದು ಬರೀ ಉಸಿರು, ಉಗುಳು, ಒಸಡು ಒಸಡಿಗೆ ತಾಗುವ ಸದ್ದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ಪಾಪ ಗೌರವದಿಂದಲೇ ಬಾಗಿ, “ಅಮ್ಮ ಏನು ಹೇಳಿದರು?” ಎಂದು ನಮ್ಮವರನ್ನು ಕೇಳಿದರು.

ನಮ್ಮವರು ಮೈಕು ತೆಗೆದುಕೊಂಡರು. ಕಾಲು ಜೋಡಿಸಿ ನಿಂತರು. ಸ್ಟೂಲಿನ ಮೇಲೆ ಹಾಗೇ ನಿಲ್ಲುತ್ತಿದ್ದಿರಬೇಕು. ಗುಡ್ಡ, ಬಾವುಟ, ಗುಂಡು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಕೊನೆಯಲ್ಲಿ, “ನನಗೆ ಇನ್ನೊಬ್ಬ ಮಗ ಇದ್ದಿದ್ದರೆ ಅವನನ್ನೂ ಕೊಡುತ್ತಿದ್ದೆ, ಅಂತ ನಮ್ಮ ತಾಯಿ ಹೇಳ್ತಿದ್ದಾರೆ,” ಎಂದರು.

ಚಪ್ಪಾಳೆಯೋ ಚಪ್ಪಾಳೆ. ಐಸ್‌ಕ್ರೀಮಿನವರೂ ಕಡ್ಡಿ ಬಾಯಲ್ಲಿ ಕಚ್ಚಿಕೊಂಡು ಚಪ್ಪಾಳೆ ತಟ್ಟಿದರು. ಹೆಂಗಸೊಬ್ಬಳು ಓಡಿ ಬಂದು ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು. ಅವರ ಬಾಯಿಗೆ ಕೇಡು ಬಂದಿತ್ತೇ ಹೊರತು ಕಿವಿ ನೆಟ್ಟಗಿತ್ತು.

ಕಾರು ಹೊರಟಿತು. ಮಗಳೇ ಶುರುಮಾಡಿದಳು.

“ಅಪ್ಪಾ, ಒಂದು ಕೇಳ್ಲಾ? ಅಜ್ಜಿಗೆ ಇನ್ನೊಬ್ಬ ಮಗ ಇದ್ದಾನಲ್ಲ. ನೀನು ಯಾರು?”

“ಅದು ಮಾತಿಗೆ ಅಂದದ್ದು.”

“ಯಾರ ಮಾತಿಗೆ? ಅಜ್ಜಿ ಹೇಳಿದ್ದೇನು, ನೀನು ಹೇಳಿದ್ದೇನು?”

“ಅಷ್ಟು ಜನದೆದುರು ಭೇದಿ ಅಂತ ಹೇಳೋಕಾಗುತ್ತೇನೇ? ಸತ್ತವನಿಗೆ ಒಂದು ಮರ್ಯಾದೆ ಬೇಡ್ವಾ?”

“ಹನ್ನೊಂದು ದಿನ ಡ್ರಿಪ್ ಇಲ್ಲ, ಕಾಯಿಸಿದ ನೀರಿಲ್ಲ. ಮರ್ಯಾದೆ ಹೋಗಿದ್ದು ದೊಡ್ಡಪ್ಪಂದಾ, ನೀರು ಕೊಡದೆ ಇದ್ದೋರದ್ದಾ?”

“ನಿನಗೆ ಎರಡು ಪುಸ್ತಕ ಓದಿದ ಕೊಬ್ಬು.”

“ರೀ,” ಎಂದೆ ನಾನು, “ಅತ್ತೆ ಮಾತು ಅರ್ಥ ಆಗಲ್ಲ ಅಂತಿದ್ರಿ. ಭೇದಿ ಅಂದದ್ದು ಮಾತ್ರ ಚೆನ್ನಾಗಿ ಅರ್ಥವಾಯ್ತಲ್ಲ.”

ಅವರು ಗೇರು ಬದಲಾಯಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಲಿಲ್ಲ, ಬೆರಳುಗಳು ಆಡುತ್ತಿದ್ದವು.

ಊರಿಗೆ ಬಂದ ಮರುದಿನ ಬಟ್ಟೆ ನೆನೆಹಾಕಿ, ನೇರ ಹಿಂದಿನ ಕೋಣೆಗೆ ಹೋದೆ. ಪುಡಿ ಮುಗಿದಿದ್ದರೆ ಅಂಗಡಿಗೆ ನಾನೇ ಹೇಳಿ ತರಿಸೋಣ ಎಂದು. ಒಸಡು ಮಾಡುವುದು ಒಂದು ಗುಲಾಬಿ ಬಣ್ಣದ ಪುಡಿಯಿಂದ. ಅದರಲ್ಲಿ ಕೂದಲಿಗಿಂತ ಸಣ್ಣ ಕೆಂಪು ಎಳೆಗಳು ಬೆರೆತಿರುತ್ತವೆ, ರಕ್ತನಾಳದ ಹಾಗೆ ಕಾಣಲಿ ಎಂದು. ಅಮ್ಮನಿಗೆಂದು ಒಳ್ಳೆಯ ಪುಡಿಯ ಹೊಸ ಡಬ್ಬಿಯನ್ನು ಎರಡು ತಿಂಗಳ ಹಿಂದೆ ನನ್ನೆದುರಿಗೇ ತರಿಸಿದ್ದರು. ಈಗ ನೋಡಿದರೆ ಡಬ್ಬಿ ತಳ ಕಾಣುತ್ತಿದೆ. ಈ ಎರಡು ತಿಂಗಳಲ್ಲಿ ಹೊರಗೆ ಹೋದದ್ದು ನಾಲ್ಕೈದು ಸೆಟ್ಟು. ಅದಕ್ಕೆಲ್ಲ ಹಳೆಯ ಡಬ್ಬಿಯೇ ಸಾಕಾಗಿತ್ತು.

ಮಾಡೆಲ್ಲಿನ ಮೇಲೆ ಹೊದಿಸಿದ ಬಟ್ಟೆ ತೆಗೆದೆ. ಭೂತಗನ್ನಡಿ ಹಿಡಿದೆ.

ಗುಡ್ಡದ ಇಳಿಜಾರಿನಲ್ಲಿ ಬಿದ್ದ ಸಿಪಾಯಿಗಳ ಹೊಟ್ಟೆಗಳು ತೆರೆದಿದ್ದವು. ಒಬ್ಬನ ತೊಡೆ ಹರಿದಿತ್ತು, ಇನ್ನೊಬ್ಬನ ಅರ್ಧ ಮುಖವಿರಲಿಲ್ಲ, ಹೇಸರಗತ್ತೆಯ ಕರುಳು ಹೊರಗೆ ಬಿದ್ದಿತ್ತು. ಎಲ್ಲವೂ ಗುಲಾಬಿ. ಎಲ್ಲದರೊಳಗೂ ಸಣ್ಣ ಸಣ್ಣ ಕೆಂಪು ಎಳೆ.

ಹಿಂದೆ ಬಂದು ನಿಂತ ನಮ್ಮವರು ನಾನು ಮೆಚ್ಚಿಕೊಂಡು ನೋಡುತ್ತಿದ್ದೇನೆ ಎಂದುಕೊಂಡರು. “ನೋಡಿದ್ಯಾ? ಮಾಂಸ ಇದ್ದ ಹಾಗೇ ಇದೆಯಲ್ಲ? ಆ ಎಳೆ ಇದೆ ನೋಡು, ಅದು ಬೇರೆ ಯಾವ ಬಣ್ಣದಲ್ಲೂ ಬರಲ್ಲ. ಸಂಘದಲ್ಲಿ ಯಾರಿಗೂ ಗೊತ್ತಿಲ್ಲ ಈ ಉಪಾಯ.”

“ಇದು ಅತ್ತೆ ಒಸಡು.”

“ಇನ್ನೊಂದು ಡಬ್ಬಿ ತರಿಸಿದ್ರೆ ಆಯ್ತಪ್ಪ.”

“ಎರಡು ತಿಂಗಳಿಂದ ಆ ಹೆಂಗಸು ಬ್ರೆಡ್ ನೆಕ್ಕಿಕೊಂಡು ಬದುಕಿದ್ದಾರೆ. ನೀವು ಅವರ ಒಸಡು ತಗೊಂಡು ಕತ್ತೆ ಕರುಳು ಮಾಡಿದ್ದೀರಿ.”

“ಕತ್ತೆಯಲ್ಲ, ಹೇಸರಗತ್ತೆ,” ಎಂದರು.

ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡೆ. ತೊಳೆಯುತ್ತಲೇ ತೀರ್ಮಾನ ಮಾಡಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ತಟ್ಟೆಗೂ ಒಂದೇ ಊಟ. ಬೆಳಿಗ್ಗೆ ಹಾಲಲ್ಲಿ ನೆನೆಸಿದ ಬ್ರೆಡ್, ಮಧ್ಯಾಹ್ನ ಗಂಜಿ, ರಾತ್ರಿ ಬೇಯಿಸಿ ಹಿಸುಕಿದ ಆಲೂಗಡ್ಡೆ. ಅಗಿಯುವಂಥದ್ದು ಏನೂ ಇಲ್ಲ.

ಮೊದಲ ದಿನ ಇವರು, “ಯಾರಿಗಾದ್ರೂ ಹುಷಾರಿಲ್ವಾ?” ಎಂದರು.

“ಹಲ್ಲು ಬರೋವರೆಗೂ ಈ ಮನೇಲಿ ಯಾರಿಗೂ ಹಲ್ಲಿಲ್ಲ,” ಎಂದೆ.

ಅತ್ತೆ ಬೇಡವೆಂದರು. “ಮಗುವಿಗೆ ಯಾಕಮ್ಮ ಶಿಕ್ಷೆ, ಅವಳಿಗೆ ಬೇರೆ ಮಾಡು.”

“ನನಗೇನಾಗಿದೆ ಅಜ್ಜಿ,” ಎಂದು ಮಗಳು ಸೊರ್ ಎಂದು ಗಂಜಿ ಹೀರಿದಳು. “ವಾರ್ಡಲ್ಲಿ ಎಲ್ಲರಿಗೂ ಇದನ್ನೇ ಕುಡಿಸ್ತೀನಿ. ರುಚಿ ಗೊತ್ತಾದ ಹಾಗಾಯ್ತು.”

ಮೂರನೆಯ ದಿನ ಇವರು ಹೊರಗೆ ಹೋಗಿ ತಿಂದು ಬಂದರು. ನಾಲ್ಕನೆಯ ದಿನವೂ ಹೋದರು. ಹೊರಗಿನದು ಹೊಟ್ಟೆಗೆ ಹಿಡಿಸದೆ ಐದನೆಯ ದಿನ ತಿರುಗಿ ಗಂಜಿಗೇ ಬಂದು ಕೂತರು. ನಾನೂ ಜಗ್ಗಲಿಲ್ಲ, ಅವರೂ ಜಗ್ಗಲಿಲ್ಲ. ಅಷ್ಟರಲ್ಲಿ ಇನ್ನೂರು ಜನರಿಗೆ ಪ್ಯಾಂಟೂ ಬಂತು. ಎರಡೂ ಸ್ಮಾರಕಗಳ ಫೋಟೋ ಎದುರಿಗಿಟ್ಟುಕೊಂಡು, ಹಸಿರಿಗೂ ಹಳದಿಗೂ ನಡುವೆ, ತುಸು ಹಸಿರಿನ ಕಡೆಗೇ ವಾಲಿದ ಒಂದು ಬಣ್ಣ ಬೆರೆಸಿದರು.

ಎಂಟನೆಯ ದಿನ ಮಾಡೆಲ್ ಸಂಘದ ಕಾರ್ಯದರ್ಶಿ ಪ್ರದರ್ಶನದ ಮಾತಾಡಲು ಬಂದರು. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವ ದಪ್ಪನೆಯ ಮನುಷ್ಯ. ಮಾತು ಊಟದ ಹೊತ್ತಿನವರೆಗೆ ಬೆಳೆಯಿತು. ಇವರು ಅಡುಗೆಮನೆಗೆ ಬಂದು ಕೈಮುಗಿಯುವುದೊಂದು ಬಾಕಿ. “ಇವತ್ತೊಂದಿನ ಕಣೇ. ಮಾನ ಉಳಿಸು.”

ನಾನು ಕಾರ್ಯದರ್ಶಿಗೂ ಗಂಜಿ ಬಡಿಸಿದೆ. ಅವರು ತಟ್ಟೆ ನೋಡಿದರು, ಇವರ ಮುಖ ನೋಡಿದರು, ಅತ್ತೆಯನ್ನು ನೋಡಿದರು. “ಸಾರ್ ಅಷ್ಟು ದೊಡ್ಡ ಹಲ್ಲಿನ ಕೆಲಸಗಾರರು... ಅಮ್ಮನವರಿಗೆ...” ಎಂದು ಅರ್ಧಕ್ಕೆ ನಿಲ್ಲಿಸಿ, ಚಮಚ ಕೇಳಿದರು.

ಮರುದಿನ ಬೆಳಿಗ್ಗೆ ಹೊಸ ಪುಡಿಯ ಡಬ್ಬಿ ಬಂತು. ಮೂರೇ ದಿನದಲ್ಲಿ ಸೆಟ್ಟು ತಯಾರಾಯಿತು. ಎರಡು ತಿಂಗಳು ಆಗದೆ ಇದ್ದದ್ದು ಮೂರು ದಿನದ ಕೆಲಸ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ನೀಲಿ ಕಾಗದ ಕಚ್ಚಿಸಿ, ಎಲ್ಲಿ ಒತ್ತುತ್ತದೆ ನೋಡಿ ಉಜ್ಜಿ, ಮತ್ತೆ ಹಾಕಿ, ಮತ್ತೆ ತೆಗೆದರು. ಆಗ ಅವರ ಕೈ ನೋಡಬೇಕಿತ್ತು. ಅಷ್ಟು ಮೃದು.

“ಈಗ ಮಾತಾಡಿ ನೋಡಮ್ಮ.”

ಅತ್ತೆ ನಾಲಿಗೆಯಿಂದ ಒಂದು ಸುತ್ತು ಹಲ್ಲು ತಡವಿದರು. “ಪ್ರದರ್ಶನ ಯಾವತ್ತು?” ಎಂದರು. ಒಂದೊಂದು ಅಕ್ಷರವೂ ಸ್ಫುಟವಾಗಿತ್ತು.

“ಭಾನುವಾರ. ನೀನ್ಯಾಕಮ್ಮ? ಅಲ್ಲಿ ಕೂರೋಕೂ ಜಾಗ ಇರಲ್ಲ.”

“ನಿಲ್ತೀನಿ.”

ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಗೇಟಿನ ಹತ್ತಿರ ಕೈಗಾಡಿಯವನು ಕಡಲೆಕಾಯಿ ಹುರಿಯುತ್ತಿದ್ದ. ಅತ್ತೆ ಒಂದು ಗಳಿಗೆ ನಿಂತು ವಾಸನೆ ಎಳೆದುಕೊಂಡು, “ಆಮೇಲೆ,” ಎಂದು ಒಳಗೆ ನಡೆದರು. ಒಳಗೆ ಉದ್ದಕ್ಕೂ ಮೇಜು, ಮೇಜಿನ ಮೇಲೆಲ್ಲ ಬೊಂಬೆಗಳ ಯುದ್ಧ. ಗಂಡಸರು ಸೊಂಟ ಬಗ್ಗಿಸಿಕೊಂಡು, “ರಕ್ತ ಅದ್ಭುತವಾಗಿ ಬಂದಿದೆ ಸಾರ್,” ಎಂದು ಪರಸ್ಪರ ಹೊಗಳಿಕೊಳ್ಳುತ್ತಿದ್ದರು. ನಮ್ಮವರ ಗುಡ್ಡದ ಮುಂದೆಯೇ ಹೆಚ್ಚು ಜನ. ಆ ಗುಲಾಬಿ ಕರುಳುಗಳನ್ನು ನೋಡಿ ಒಬ್ಬ ಚಪ್ಪರಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ತೀರ್ಪುಗಾರರು ಬಂದರು. ಅವರಲ್ಲಿ ಒಬ್ಬರು ಸೈನ್ಯದಿಂದ ನಿವೃತ್ತರಾದ ಹಿರಿಯರು, ಬಿಳಿ ಮೀಸೆ. ಅವರು ಬಹಳ ಹೊತ್ತು ಬಾಗಿ ನೋಡಿ, “ಎಲ್ಲ ಸರಿ. ಪ್ಯಾಂಟು ಮಾತ್ರ ಹಸಿರು ಜಾಸ್ತಿಯಾಯ್ತೇನೋ,” ಎಂದರು. ನಮ್ಮವರ ಮುಖ ಕಪ್ಪಿಟ್ಟಿತು. ಅದನ್ನು ಮುಚ್ಚಿಕೊಳ್ಳಲು ತಕ್ಷಣ ಕಥೆ ತೆಗೆದರು. ಕಾಲು ಜೋಡಿಸಿ ನಿಂತರು. ಗುಡ್ಡ, ಬಾವುಟ, ಗುಂಡು. “ಇವರೇ ನಮ್ಮ ತಾಯಿ,” ಎಂದು ಮುಗಿಸಿದರು.

ಬಿಳಿ ಮೀಸೆಯವರು ಅತ್ತೆಗೆ ಕೈಮುಗಿದರು. “ಪುಣ್ಯವಂತರು ತಾಯಿ ನೀವು. ಎಂಥ ಮಗ!”

“ಒಳ್ಳೆ ಮಗ,” ಎಂದರು ಅತ್ತೆ. “ಆದ್ರೆ ಅವನು ಗುಡ್ಡ ಹತ್ತಲಿಲ್ಲ.”

“ಅಮ್ಮ ಹೇಳ್ತಿರೋದು ಏನಂದ್ರೆ—” ಎಂದು ನಮ್ಮವರು ಮುಂದೆ ಬಂದರು.

“ನೀನು ಸುಮ್ನಿರು. ನನಗೀಗ ಹಲ್ಲಿದೆ.”

ಅತ್ತೆ ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. “ಗುಡ್ಡದ ಕೆಳಗೆ ಡೇರೇಲಿ ಸತ್ತ. ಭೇದಿ. ಹನ್ನೊಂದು ದಿನ. ಕೆರೆ ನೀರಲ್ಲಿ ಹೇಸರಗತ್ತೆ ಸತ್ತು ಬಿದ್ದಿತ್ತಂತೆ, ಅದೇ ನೀರು ಎಲ್ಲರಿಗೂ. ಅವನ ಡೇರೆಯೊಂದರಲ್ಲೇ ಏಳು ಜನ ಹೋದರು. ಅವರಮ್ಮಂದಿರಿಗೆಲ್ಲ ಏನು ಕಥೆ ಹೇಳಿದ್ದಾರೋ ನನಗೆ ಗೊತ್ತಿಲ್ಲ.” ಬಾವುಟ ಹಿಡಿದ ಬೊಂಬೆಯತ್ತ ಬೆರಳು ತೋರಿಸಿದರು. “ಇವನು ಯಾರೋ. ನನ್ನ ಮಗ ಅಲ್ಲ.”

ಬಿಳಿ ಮೀಸೆಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾರ್ಯದರ್ಶಿ ಛಾವಣಿಯ ಫ್ಯಾನು ನೋಡತೊಡಗಿದರು. ನನ್ನ ಮಗಳು ಅಜ್ಜಿಯ ತೋಳು ಹಿಡಿದುಕೊಂಡಳು. ಅತ್ತೆ ತಮ್ಮ ಮಗನ ಕಡೆ ತಿರುಗಿದರು.

“ಪ್ಯಾಂಟು ಯಾವ ಬಣ್ಣ ಅಂತ ಊರೂರು ಸುತ್ತಿದೆಯಲ್ಲೋ. ಪೇಂಟ್ ಹೊಡೆದ ಕಾಲು ನೋಡಿದೆ, ಗಾಜಿನ ಬೀರು ನೋಡಿದೆ. ಮನೇಲಿ ನಾನಿದ್ನಲ್ಲ. ನನ್ನ ಒಂದು ಮಾತು ಕೇಳಿದ್ಯಾ? ಅವನು ಸಾಯುವಾಗ ಹಾಕ್ಕೊಂಡಿದ್ದ ಪ್ಯಾಂಟು ಗಂಟು ಕಟ್ಟಿ ನನ್ನ ಕೈಗೇ ತಂದುಕೊಟ್ಟರು. ನಾನೇ ಒಗೆದದ್ದು.”

ಇದು ನನಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಕಲ್ಲಿನ ಮೇಲೆ ಅವರೊಂದಿಗೆ ಬಟ್ಟೆ ಒಗೆದಿದ್ದೇನೆ, ಒಮ್ಮೆಯೂ ಹೇಳಿರಲಿಲ್ಲ.

ನಮ್ಮವರ ತುಟಿ ಅಲುಗಿತು. ಈಗಲಾದರೂ ಅಮ್ಮನ ಕೈ ಹಿಡಿದುಕೊಳ್ಳುತ್ತಾರೆ, ತಪ್ಪಾಯಿತು ಅನ್ನುತ್ತಾರೆ ಎಂದು ಕಾದೆ. ಅವರು ಅಮ್ಮನ ಹತ್ತಿರ ಬಂದು, ದನಿ ತಗ್ಗಿಸಿ, ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡು ಕೇಳಿದರು.

“ಹೇಗಿತ್ತಮ್ಮಾ? ಹಸಿರು ಜಾಸ್ತಿನಾ, ಹಳದಿ ಜಾಸ್ತಿನಾ?”

ಮಗಳು “ಥೂ” ಎಂದು ಬಾಯಿಬಿಟ್ಟೇ ಅಂದಳು. ಅತ್ತೆ ಮಾತ್ರ ಸಿಟ್ಟಾಗಲಿಲ್ಲ. ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಎಷ್ಟು ಒಗೆದ್ರೂ ಬಣ್ಣ ಕಾಣೋ ಹಾಗಿರ್ಲಿಲ್ಲ ಮಗಾ,” ಎಂದರು.

ಆಮೇಲೆ ನಾವು ಮೂವರು ಹೊರಗೆ ಬಂದು ಕಡಲೆಕಾಯಿ ಕೊಂಡೆವು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅತ್ತೆ ಇಡೀ ಪೊಟ್ಟಣ ಅಗಿದು ತಿಂದರು. ಮುಗಿಯುವವರೆಗೂ ಇವರು ಹೊರಗೆ ಬರಲಿಲ್ಲ.